ಹಣ್ಣಿನ ಗೋದಾಮಿಗೆ ಕೂಲಿಂಗ್ ಮೆಷಿನ್: ಕೊಟೇಶನ್‌ಗೂ ಮೊದಲು ಲೆಕ್ಕ ಹಾಕಿ

ಬೆಂಗಳೂರಿನ ಸಿಂಗೇನ ಅಗ್ರಹಾರದ ಹಣ್ಣಿನ ಮಾರುಕಟ್ಟೆ ಸುತ್ತಮುತ್ತ ಕೋಲ್ಡ್ ಸ್ಟೋರೇಜ್ ಹಾಕಲು ಹೊರಟವರು ಮೊದಲು ಕೇಳುವುದು ‘ಎಷ್ಟು ದೊಡ್ಡ ಕಂಪ್ರೆಸರ್ ಬೇಕು?’ ಅಂತ. ಆ ಪ್ರಶ್ನೆ ಕೊನೆಗೆ ಬರಬೇಕು. ರೂಮಿನ ಉದ್ದಗಲ ಕೇಳಿ, ಫೋನಿನಲ್ಲೇ ಮೆಷಿನ್ ಹೇಳಿಬಿಡುವವರಿಂದ ಕೊಳ್ಳಲೇಬೇಡಿ.

ಮೊದಲು ಹಣ್ಣು ಯಾವುದು ಅಂತ ತೀರ್ಮಾನಿಸಿ. ಸೇಬು, ದ್ರಾಕ್ಷಿಗೆ 0 ಡಿಗ್ರಿ ಆಸುಪಾಸು ಬೇಕು. ಮಾವು, ಬಾಳೆಗೆ ಸುಮಾರು 13 ಡಿಗ್ರಿ. ಅದಕ್ಕಿಂತ ಜಾಸ್ತಿ ತಣ್ಣಗಾದರೆ ಬಾಳೆಯ ಸಿಪ್ಪೆ ಕಪ್ಪಾಗುತ್ತದೆ, ಮಾವು ಸರಿಯಾಗಿ ಹಣ್ಣಾಗುವುದಿಲ್ಲ. ಎರಡು ಬಗೆಯ ಹಣ್ಣಿದ್ದರೆ ಎರಡು ರೂಮು ಮಾಡಿ.

ಆಮೇಲೆ ದಿನಕ್ಕೆ ಎಷ್ಟು ಹಣ್ಣು ಒಳಗೆ ಬರುತ್ತದೆ ನೋಡಿ. ಎಲ್ಲರೂ ಎಡವುವುದು ಇಲ್ಲೇ. ತೋಟದಿಂದ 10 ಟನ್ ಮಾವು 30 ಡಿಗ್ರಿಯಲ್ಲಿ ಬಂತು ಅನ್ನಿ. ಅದನ್ನು 13ಕ್ಕೆ ಇಳಿಸಬೇಕು, ಅಂದರೆ 17 ಡಿಗ್ರಿ. ಒಂದು ಕಿಲೋ ಮಾವು ಒಂದು ಡಿಗ್ರಿ ತಣ್ಣಗಾಗಲು ಸುಮಾರು 3.8 ಕಿಲೋಜೂಲ್ ಶಾಖ ಹೊರಹೋಗಬೇಕು. ಒಟ್ಟು 6,46,000 ಕಿಲೋಜೂಲ್ ಆಯಿತು. ಮೆಷಿನ್ ದಿನಕ್ಕೆ 16 ಗಂಟೆ ಓಡುತ್ತದೆ ಅಂತ ಹಿಡಿಯಿರಿ, 24 ಅಲ್ಲ. ಆಗ 11 ಕಿಲೋವಾಟ್‌ಗೂ ಸ್ವಲ್ಪ ಮೇಲೆ ಬರುತ್ತದೆ. ಇದು ಬರೀ ಹಣ್ಣು ತಣಿಸುವ ಲೆಕ್ಕ. ಹಣ್ಣು ಉಸಿರಾಡುವಾಗ ಬಿಡುವ ಶಾಖ, ಗೋಡೆಯಿಂದ ಬರುವ ಶಾಖ, ಬಾಗಿಲು ತೆಗೆದಾಗ ನುಗ್ಗುವ ಗಾಳಿ, ಫ್ಯಾನು, ದೀಪ, ಒಳಗೆ ಓಡಾಡುವ ಜನ ಎಲ್ಲವನ್ನೂ ಇದಕ್ಕೆ ಸೇರಿಸಬೇಕು. ಈ ಲೆಕ್ಕವನ್ನು ಬಿಡಿಬಿಡಿಯಾಗಿ ಬರೆದುಕೊಡಿ ಅಂತ ಕೇಳಿ. ಕೊಡದಿದ್ದರೆ ಬೇರೆಯವರನ್ನು ನೋಡಿ.

ಕೊಟೇಶನ್ ಬಂದ ಮೇಲೆ ಕಂಪ್ರೆಸರ್ ಬ್ರಾಂಡ್ ನೋಡಿ ಸುಮ್ನೆ ಖುಷಿಪಡಬೇಡಿ. ಒಳಗಿನ ಕೂಲಿಂಗ್ ಕಾಯಿಲ್ ನೋಡಿ. ಬೆಲೆ ಇಳಿಸಲು ಕತ್ತರಿ ಬೀಳುವುದು ಅದಕ್ಕೇ. ಕಾಯಿಲ್ ಚಿಕ್ಕದಾದರೆ, ಅಷ್ಟೇ ಶಾಖ ಎಳೆಯಲು ಅದು ಇನ್ನೂ ತಣ್ಣಗಿರಬೇಕಾಗುತ್ತದೆ. ಆಗ ಗಾಳಿಯ ತೇವವೆಲ್ಲ ಕಾಯಿಲ್ ಮೇಲೆ ನೀರಾಗಿ, ಹಿಮವಾಗಿ ಕೂರುತ್ತದೆ. ಒಣಗಿದ ಗಾಳಿ ಹಣ್ಣಿನಿಂದ ನೀರು ಹೀರುತ್ತದೆ. ದ್ರಾಕ್ಷಿಯ ತೊಟ್ಟು ಒಣಗುತ್ತದೆ, ಸೇಬು ಸುಕ್ಕಾಗುತ್ತದೆ, ತೂಕ ಇಳಿಯುತ್ತದೆ. ನಾವು ಮಾರುವುದು ತೂಕಕ್ಕೇ ಅಲ್ವಾ? ರೂಮಿಗೂ ಕಾಯಿಲ್‌ಗೂ 5 ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಇರಬಾರದು ಅಂತ ಆರ್ಡರ್‌ನಲ್ಲೇ ಬರೆಸಿ. ಆಮೇಲೆ ನೆಲಕ್ಕೆ ನೀರು ಚೆಲ್ಲಿ ಸರಿಮಾಡುವ ಉಪಾಯ ನಡೆಯುವುದಿಲ್ಲ. ಆ ತೇವವೂ ಕಾಯಿಲ್ ಮೇಲೇ ಹೋಗಿ ಕೂರುತ್ತದೆ.

ಕಂಪ್ರೆಸರ್ ಸಾಮರ್ಥ್ಯವನ್ನು ಹೊರಗಿನ ಉಷ್ಣಾಂಶ 40 ಡಿಗ್ರಿ ಇದ್ದಾಗ ಎಷ್ಟು ಅಂತಲೇ ಕೇಳಿ. ‘ಬೆಂಗಳೂರು ತಂಪು ಊರು ಸಾರ್’ ಅನ್ನುತ್ತಾರೆ. ಏಪ್ರಿಲ್ ಮಧ್ಯಾಹ್ನ ತಗಡಿನ ಶೀಟ್ ಪಕ್ಕ ನಿಂತು ನೋಡಲಿ. ಮಾವಿನ ಸೀಸನ್ನೂ ಅದೇ ಹೊತ್ತಿಗೆ ಶುರುವಾಗುತ್ತದೆ. ದೊಡ್ಡ ಕಂಪ್ರೆಸರ್ ಒಂದರ ಬದಲು ಚಿಕ್ಕವು ಎರಡು ಹಾಕಿ. ಒಂದು ಕೆಟ್ಟರೂ ಮಾಲು ಉಳಿಯುತ್ತದೆ.

ಗ್ಯಾಸ್ (ಮೆಷಿನ್ ಒಳಗೆ ಸುತ್ತುತ್ತಾ ತಂಪು ಮಾಡುವುದು): ದೊಡ್ಡ ಗೋದಾಮಿಗೆ ಅಮೋನಿಯಾ ಒಳ್ಳೆಯದು, ಕರೆಂಟ್ ಉಳಿಯುತ್ತದೆ. ಆದರೆ ಅದು ವಿಷ. ತರಬೇತಾದ ಆಪರೇಟರ್ ಇಲ್ಲದಿದ್ದರೆ, ಪಕ್ಕದಲ್ಲೇ ಮನೆಗಳಿದ್ದರೆ ಬೇಡವೇ ಬೇಡ. ಚಿಕ್ಕ ರೂಮುಗಳಿಗೆ ಆರ್-404ಎ ಅನ್ನುವ ಗ್ಯಾಸ್ ತೋರಿಸಿದರೆ ಒಪ್ಪಬೇಡಿ. ಭೂಮಿ ಬಿಸಿಯಾಗಿಸುವುದರಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 3,900 ಪಟ್ಟು ಜೋರು.

ಗೋಡೆಗೆ ಪಫ್ ಪ್ಯಾನಲ್ (ಶಾಖ ತಡೆಯುವ ಫೋಮ್ ಹಲಗೆ) 100 ಮಿಲಿಮೀಟರ್ ದಪ್ಪ, ಜೊತೆಗೊಂದು ಜನರೇಟರ್. ಇದರಲ್ಲಿ ಚೌಕಾಸಿ ಬೇಡ.

ಕೊನೆಯ ಕಂತು ಕೈಯಲ್ಲೇ ಇಟ್ಟುಕೊಳ್ಳಿ. ಒಂದು ದಿನದ ಪೂರ್ತಿ ಮಾಲು ತುಂಬಿಸಿ. ಗೋಡೆ ಮೇಲಿನ ಡಿಸ್‌ಪ್ಲೇ ನಂಬಬೇಡಿ, ಅದು ಗಾಳಿಯ ಉಷ್ಣಾಂಶ ಹೇಳುತ್ತದೆ ಅಷ್ಟೇ. ನಟ್ಟನಡುವಿನ ಕ್ರೇಟಿನ ಹಣ್ಣಿಗೆ ಥರ್ಮಾಮೀಟರ್ ಚುಚ್ಚಿ ನೋಡಿ. ಹೇಳಿದ ಹೊತ್ತಿಗೆ ಹೇಳಿದ ಡಿಗ್ರಿಗೆ ಇಳಿದಿದ್ದರೆ ಮಾತ್ರ ಚೆಕ್ ಕೊಡಿ.