ನಕ್ಷೆಯಲ್ಲಿ ಇಲ್ಲದ ಐರಿಷ್ ಊರುಗಳನ್ನು ಹುಡುಕುವ ನನ್ನ ಕ್ರಮ

ಬೆಂಗಳೂರು ದಂಡಿನಲ್ಲಿದ್ದ ಐರಿಷ್ ಸಿಪಾಯಿಗಳ ವಂಶದವರ ಕೈಯಲ್ಲಿ ಸಾಮಾನ್ಯವಾಗಿ ಇರುವುದು ಒಂದೇ ಸಾಲು: ಇಂಥ ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಯ ಪ್ರದೇಶ), ಇಂಥ ಪಟ್ಟಣದ ಹತ್ತಿರ, ಇಂಥ ಕೌಂಟಿ (ಜಿಲ್ಲೆ). ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನ ಡಬ್ಲ್ಯುಓ 97 ಸರಣಿಯ ಸೈನಿಕ ಬಿಡುಗಡೆ ಪತ್ರಗಳಲ್ಲಿ ಹುಟ್ಟಿದೂರನ್ನು ಬರೆಯುತ್ತಿದ್ದುದೇ ಹೀಗೆ. ಆ ಹೆಸರನ್ನು ಗೂಗಲ್ ಮ್ಯಾಪಿಗೆ ಹಾಕಿದರೆ ಒಂದೋ ಏನೂ ಸಿಗುವುದಿಲ್ಲ, ಇಲ್ಲವೇ ಸಂಬಂಧವೇ ಇಲ್ಲದ ಊರು ಸಿಗುತ್ತದೆ. ಎರಡನೆಯದು ಹೆಚ್ಚು ಅಪಾಯ. ಕಾಗುಣಿತ ಬೇಗ ಕೈಕೊಡುತ್ತದೆ. ಜಮೀನಿನ ವಿಸ್ತೀರ್ಣ, ಅಕ್ಕಪಕ್ಕದ ಊರುಗಳು, ಅಲ್ಲಿ ಉಳುತ್ತಿದ್ದವರ ಮನೆತನದ ಹೆಸರುಗಳು ಅಷ್ಟು ಬೇಗ ಕೈಕೊಡುವುದಿಲ್ಲ. ನನ್ನ ಹುಡುಕಾಟವೆಲ್ಲ ಈ ಮೂರರ ಮೇಲೆಯೇ ನಿಂತಿದೆ.

ಮೊದಲು ನೋಡುವುದು ದಾಖಲೆಯ ಇಸವಿ. ಐರ್ಲೆಂಡಿನ ಆರ್ಡ್ನೆನ್ಸ್ ಸರ್ವೆ (ಸರ್ಕಾರಿ ಭೂಮಾಪನ) 1824ರಲ್ಲಿ ಶುರುವಾಗಿ, 1840ರ ದಶಕದ ಹೊತ್ತಿಗೆ ಇಡೀ ದೇಶವನ್ನು ಮೈಲಿಗೆ ಆರು ಇಂಚಿನ ಅಳತೆಯಲ್ಲಿ ನಕ್ಷೆಗಿಳಿಸಿತು. ಸರ್ವೆಯ ಸ್ಥಳನಾಮ ತಜ್ಞ ಜಾನ್ ಓ'ಡೊನೊವನ್ ಮತ್ತು ಸಂಗಡಿಗರು ಊರೂರಿನ ಹೆಸರು ವಿಚಾರಿಸಿ ಒಂದೊಂದಕ್ಕೂ ಒಂದು ಕಾಗುಣಿತ ನಿಲ್ಲಿಸಿದರು. ಅದಕ್ಕೂ ಹಿಂದಿನ ಕಾಗದದಲ್ಲಿ ಗುಮಾಸ್ತ ಕಿವಿಗೆ ಬಿದ್ದಂತೆ ಬರೆದಿರುತ್ತಾನೆ. 1790ರ ಹೆಸರು ಆಮೇಲಿನ ಸೂಚಿಯಲ್ಲಿ ಅದೇ ಅಕ್ಷರಗಳಲ್ಲಿ ಸಿಕ್ಕರೆ ಅದೃಷ್ಟ, ಅಷ್ಟೇ.

ಆಮೇಲೆ, ಆ ಹೆಸರು ಯಾವ ಮಟ್ಟದ್ದು ಎಂದು ತೀರ್ಮಾನಿಸುತ್ತೇನೆ. ತೀರಾ ಕೆಳಗಿನ ಘಟಕ ಟೌನ್‌ಲ್ಯಾಂಡ್. ಹೆಸರಲ್ಲಿ ಟೌನ್ ಇದ್ದರೂ ಅದು ಪಟ್ಟಣವಲ್ಲ. ನಮ್ಮ ಕಂದಾಯ ಗ್ರಾಮದ ಹಾಗೆ ಗಡಿ ಇರುವ ನೆಲ, ಬೇಚರಾಕ್ ಆದರೂ ದಾಖಲೆಯಲ್ಲಿ ಉಳಿದಿರುತ್ತದೆ. ಇಂಥವು 60,000ಕ್ಕೂ ಹೆಚ್ಚು. ಅವುಗಳ ಮೇಲೆ ಸಿವಿಲ್ ಪ್ಯಾರಿಷ್ (ಸರ್ಕಾರಿ ಲೆಕ್ಕದ ಪ್ಯಾರಿಷ್), ಕೌಂಟಿಯ ಭಾಗವಾದ ಬ್ಯಾರನಿ, ಕೌಂಟಿ. ಕ್ಯಾಥೊಲಿಕ್ ಪ್ಯಾರಿಷ್‌ನ ಗಡಿಯೇ ಬೇರೆ, ಹಲವು ಕಡೆ ಹೆಸರೂ ಬೇರೆ. 1864ರಿಂದ ಎಲ್ಲರಿಗೂ ಅನ್ವಯವಾದ ಜನನ ಮರಣ ನೋಂದಣಿ ಜಿಲ್ಲೆಗಳು ಕೌಂಟಿ ಗಡಿಯನ್ನು ಲೆಕ್ಕಿಸುವುದಿಲ್ಲ. ಪಾರ್ಸನ್ಸ್‌ಟೌನ್ ನೋಡಿ: ಇಂದಿನ ಆಫಲಿ ಕೌಂಟಿಯ ಬರ್ ಪಟ್ಟಣದ ಹಳೆ ಹೆಸರು ಅದು, ಅದೇ ಹೆಸರಿನ ನೋಂದಣಿ ಜಿಲ್ಲೆ ಪಕ್ಕದ ಟಿಪ್ಪರರಿ ಕೌಂಟಿಗೂ ಚಾಚಿತ್ತು, ಲೌಥ್ ಕೌಂಟಿಯಲ್ಲಿ ಅದೇ ಹೆಸರಿನ ಸಿವಿಲ್ ಪ್ಯಾರಿಷ್ ಕೂಡ ಇದೆ. 'ಪಾರ್ಸನ್ಸ್‌ಟೌನ್, ಟಿಪ್ಪರರಿ' ಎಂದು ಬರೆದಿದ್ದರೆ ಗುಮಾಸ್ತನ ತಪ್ಪೆಂದು ತಿದ್ದಬೇಡಿ.

ಸರ್ಕಾರವೇ ಬದಲಿಸಿದ ಹೆಸರುಗಳು ಸುಲಭದವು. ಕಿಂಗ್ಸ್ ಕೌಂಟಿ ಈಗ ಆಫಲಿ, ಕ್ವೀನ್ಸ್ ಕೌಂಟಿ ಲೀಶ್, ಮೇರಿಬರೊ ಪೋರ್ಟ್‌ಲೀಶ್, ಫಿಲಿಪ್ಸ್‌ಟೌನ್ ಡೇಂಗನ್, ಕಿಂಗ್ಸ್‌ಟೌನ್ ಡನ್ ಲೀರಿ. 1849ರಲ್ಲಿ ವಿಕ್ಟೋರಿಯಾ ರಾಣಿ ಬಂದುಹೋದ ಮೇಲೆ ಕೋವ್ ಬಂದರು ಕ್ವೀನ್ಸ್‌ಟೌನ್ ಆಯಿತು, 1920ರ ಆಸುಪಾಸಿನಲ್ಲಿ ಮತ್ತೆ ಕೋವ್ ಆಯಿತು. ಹಡಗಿನ ಪಟ್ಟಿಯಲ್ಲಿ ಕ್ವೀನ್ಸ್‌ಟೌನ್ ಎಂದಿದ್ದರೆ ಅದು ಬಹುಪಾಲು ಹಡಗು ಹತ್ತಿದ ಜಾಗ, ಹುಟ್ಟಿದೂರಲ್ಲ. ಇನ್ನು ವಂಶವೃಕ್ಷದ ತಂತ್ರಾಂಶಗಳ ವಿಚಾರ: ಕ್ವೀನ್ಸ್ ಕೌಂಟಿ ಎಂದು ಹಾಕಿದರೆ ತಾವಾಗಿಯೇ ನ್ಯೂಯಾರ್ಕಿನ ಕ್ವೀನ್ಸ್‌ಗೆ ಗುರುತು ಹಾಕುವುದುಂಟು. ಸ್ಥಳ ತಾನಾಗಿ ತುಂಬುವ ಸೌಲಭ್ಯವನ್ನು ನಾನು ಬಂದ್ ಮಾಡಿಯೇ ಇಡುತ್ತೇನೆ.

ಇಷ್ಟಕ್ಕೆ ಸಿಗದಿದ್ದರೆ 1851ರ ಜನಗಣತಿ ಆಧರಿಸಿ 1861ರಲ್ಲಿ ಅಚ್ಚಾದ ಟೌನ್‌ಲ್ಯಾಂಡ್ ಸೂಚಿ. ಅದರಲ್ಲಿ ಪ್ರತಿ ಹೆಸರಿನ ಮುಂದೆ ಎಕರೆ, ಕೌಂಟಿ, ಬ್ಯಾರನಿ, ಪ್ಯಾರಿಷ್, ಆಗಿನ ಪೂರ್ ಲಾ ಯೂನಿಯನ್ (ಬಡವರ ಪರಿಹಾರದ ಆಡಳಿತ ವಿಭಾಗ), ನಕ್ಷೆಯ ಹಾಳೆ ಸಂಖ್ಯೆ ಎಲ್ಲ ಇವೆ. ಜೊತೆಗೆ ಲೋಗನಿಮ್ (Logainm) ಎಂಬ ಸರ್ಕಾರಿ ಸ್ಥಳನಾಮ ಕೋಶ. ಎಷ್ಟೋ ಊರುಗಳಿಗೆ ಹಳೆ ದಾಖಲೆಗಳಲ್ಲಿದ್ದ ರೂಪಗಳನ್ನೂ ಅಲ್ಲಿ ಇಸವಿ ಸಮೇತ ಕೊಟ್ಟಿದ್ದಾರೆ. ಹುಡುಕುವಾಗ ಹೆಸರಿನ ನಡುವಿನ ಸ್ವರಗಳನ್ನು ಬಿಟ್ಟು ನಕ್ಷತ್ರ ಚಿಹ್ನೆ (ಯಾವ ಅಕ್ಷರವಿದ್ದರೂ ಸರಿ ಎಂಬ ಗುರುತು) ಹಾಕಿ. ಸಿ ಇದ್ದಲ್ಲಿ ಕೆ, ವಿ ಇದ್ದಲ್ಲಿ ಡಬ್ಲ್ಯು ಹಾಕಿ ನೋಡಿ. ಕ್ಲೂನ್, ಕ್ಲೋನ್, ಕ್ಲನ್ ಮೂರೂ ಒಂದೇ ಇರಬಹುದು. ಉತ್ತರದ ಅಲ್ಸ್ಟರ್ ಪ್ರಾಂತದ ಕಡೆ ನಾಕ್ ಎನ್ನುವುದು ಕ್ರಾಕ್ ಆಗಿಬಿಡುತ್ತದೆ. ಹೆಸರಿನ ಮೊದಲಿಗೆ ಬರುವ ಬ್ಯಾಲಿ ಎಂಬ ಭಾಗ ಕೆಲವು ಕಾಗದದಲ್ಲಿ ಇರುತ್ತದೆ, ಕೆಲವದರಲ್ಲಿ ಇರುವುದಿಲ್ಲ. ಹಾಗಾಗಿ ಅದನ್ನು ತೆಗೆದೂ ಹುಡುಕಬೇಕು. ಹಳೆ ಕೈಬರಹದಲ್ಲಿ ದೊಡ್ಡಕ್ಷರದ ಆರ್ ಮತ್ತು ಕೆ, ಎಲ್ ಮತ್ತು ಎಸ್ ಒಂದನ್ನೊಂದು ಹೋಲುತ್ತವೆ. ಯಾರೋ ನಕಲಿಸಿದ ಪಟ್ಟಿಯನ್ನು ನಂಬದೆ ಮೂಲ ಪುಟದ ಚಿತ್ರವನ್ನೇ ತೆರೆಯಿರಿ.

ಇಲ್ಲಿಗೆ ಎರಡು ಮೂರು ಊರುಗಳು ಉಳಿದಿರುತ್ತವೆ. ಅವುಗಳಲ್ಲಿ ಸರಿಯಾದದ್ದನ್ನು ಆರಿಸುವುದೇ ಅಸಲಿ ಕೆಲಸ. 1821ರಿಂದ 1851ರವರೆಗಿನ ಜನಗಣತಿ ಹಾಳೆಗಳು ಬಹುತೇಕ 1922ರಲ್ಲಿ ಡಬ್ಲಿನ್ನಿನ ಫೋರ್ ಕೋರ್ಟ್ಸ್ ಕಟ್ಟಡದಲ್ಲಿ ಸುಟ್ಟುಹೋದವು. 1861ರಿಂದ 1891ರವರೆಗಿನವನ್ನು ಅದಕ್ಕೂ ಮೊದಲೇ ಸರ್ಕಾರ ನಾಶಮಾಡಿತ್ತು. ಹಾಗಾಗಿ ಉಳಿದ ಆಧಾರ ಎರಡು: 1823ರಿಂದ 1837ರವರೆಗಿನ ಟೈಥ್ ಪುಸ್ತಕಗಳು (ಚರ್ಚಿಗೆ ಸಲ್ಲಬೇಕಿದ್ದ ತೆರಿಗೆಯ ಲೆಕ್ಕ), 1847ರಿಂದ 1864ರವರೆಗಿನ ಗ್ರಿಫಿತ್ ವ್ಯಾಲ್ಯುಯೇಷನ್ (ತೆರಿಗೆಗಾಗಿ ಮಾಡಿದ ಜಮೀನಿನ ಮೌಲ್ಯಮಾಪನ). ಮೊದಲನೆಯದರಲ್ಲಿ ಹಳೆ ಹೆಸರು, ಎರಡನೆಯದರಲ್ಲಿ ಸರ್ವೆಯವರ ಹೆಸರು. ಎರಡನ್ನೂ ಪಕ್ಕಪಕ್ಕ ಇಟ್ಟು ಎಕರೆ ಹೋಲಿಸುತ್ತೇನೆ.

ಹೆಚ್ಚಿನವರು ಎಡವುವುದು ಈ ಲೆಕ್ಕದಲ್ಲೇ. ಟೈಥ್ ಪುಸ್ತಕದ ಎಕರೆ ಸಾಮಾನ್ಯವಾಗಿ ಐರಿಷ್ ಎಕರೆ, 7,840 ಚದರ ಗಜ. ಗ್ರಿಫಿತ್‌ನದು 4,840 ಚದರ ಗಜದ ಶಾಸನಬದ್ಧ ಎಕರೆ. ಮೊದಲನೆಯದನ್ನು 1.62ರಿಂದ ಗುಣಿಸಬೇಕು. ಪುಟದಲ್ಲಿ 84-2-20 ಎಂದಿದ್ದರೆ 84 ಎಕರೆ, 2 ರೂಡ್, 20 ಪರ್ಚ್. ಎಕರೆಗೆ 4 ರೂಡ್, ರೂಡ್‌ಗೆ 40 ಪರ್ಚ್. ಎಕರೆಗೆ 40 ಗುಂಟೆ ಎಂಬ ನಮ್ಮ ಲೆಕ್ಕ ತಲೆಯಲ್ಲಿ ಕೂತಿದ್ದರೆ ಇಲ್ಲಿ ಖಂಡಿತ ತಪ್ಪುತ್ತದೆ. ಅದು 84.625 ಐರಿಷ್ ಎಕರೆ, ಅಂದರೆ ಸುಮಾರು 137 ಶಾಸನಬದ್ಧ ಎಕರೆ. ಅದೇ ಪ್ಯಾರಿಷ್‌ನಲ್ಲಿ ಅಷ್ಟು ವಿಸ್ತೀರ್ಣದ ಟೌನ್‌ಲ್ಯಾಂಡ್ ಇದೆಯೇ ನೋಡಿ. ಅಲ್ಸ್ಟರಿನ ಕೆಲವು ಭಾಗಗಳಲ್ಲಿ 6,250 ಚದರ ಗಜದ ಕನ್ನಿಂಗ್‌ಹ್ಯಾಮ್ ಎಕರೆ ಬಳಕೆಯಲ್ಲಿತ್ತು. ಅಲ್ಲಿ ಗುಣಕ 1.29. ಬೆಟ್ಟ, ಜೌಗು ಇರುವ ಕಡೆ ಟೈಥ್ ಲೆಕ್ಕ ಕಡಿಮೆ ಬರುವುದು ಸಹಜ, ಬೆಳೆ ಕೊಡದ ನೆಲವನ್ನು ಬಿಟ್ಟಿರುತ್ತಾರೆ. ಕಡಿಮೆ ಬಂದರೆ ಗಾಬರಿ ಬೇಡ. ಜಾಸ್ತಿ ಬಂದರೆ ಮಾತ್ರ ಆ ಊರನ್ನು ಪಕ್ಕಕ್ಕಿಡುತ್ತೇನೆ, ಇಲ್ಲವೇ ಸರ್ವೆಯ ಕಾಲಕ್ಕೆ ಅದು ಮೇಲಿನ, ಕೆಳಗಿನ ಎಂದು ಎರಡಾಗಿ ಒಡೆಯಿತೇ ಎಂದು ಪರೀಕ್ಷಿಸುತ್ತೇನೆ.

ಎಕರೆ ಹೊಂದಿದ ಮೇಲೆ ಮನೆತನದ ಹೆಸರುಗಳು. ಕೌಂಟಿಯಲ್ಲೆಲ್ಲ ತುಂಬಿರುವ ಮರ್ಫಿ, ಕೆಲ್ಲಿಗಳು ಸಾಕ್ಷಿಗೆ ಬರುವುದಿಲ್ಲ. ಅಪರೂಪದ ಎರಡು ಮನೆತನಗಳು ಎರಡೂ ಪುಸ್ತಕದಲ್ಲಿ ಅಕ್ಕಪಕ್ಕದಲ್ಲೇ ಸಿಕ್ಕರೆ ನನಗೆ ಅಷ್ಟು ಸಾಕು.

ಟೌನ್‌ಲ್ಯಾಂಡೇ ಆಗಿರದೆ ಅದರೊಳಗಿನ ನಾಲ್ಕು ಮನೆಗಳ ಕೇರಿಗೋ ಗದ್ದೆಗೋ ಇದ್ದ ಹೆಸರಾಗಿದ್ದರೆ ಯಾವ ಸೂಚಿಯಲ್ಲೂ ಇರುವುದಿಲ್ಲ. ಆಗ ಆರು ಇಂಚಿನ ಮೊದಲ ಆವೃತ್ತಿಯ ನಕ್ಷೆಯನ್ನು ಹಿಗ್ಗಿಸಿ ಒಂದೊಂದು ಸಣ್ಣ ಅಕ್ಷರವನ್ನೂ ಓದಬೇಕು. ಐರ್ಲೆಂಡಿನ ನ್ಯಾಷನಲ್ ಲೈಬ್ರರಿ ಕ್ಯಾಥೊಲಿಕ್ ಪ್ಯಾರಿಷ್ ರಿಜಿಸ್ಟರುಗಳನ್ನು ಪುಕ್ಕಟೆ ಅಂತರ್ಜಾಲದಲ್ಲಿ ಇಟ್ಟಿದೆ. ಅದರಲ್ಲಿ ಬೇಕಾದ ಕುಟುಂಬದ ಒಂದು ಮಗುವಿನ ನಮೂದನ್ನಷ್ಟೇ ನೋಡಿ ಬಿಡಬೇಡಿ, ಎಲ್ಲ ಮಕ್ಕಳ ದೀಕ್ಷಾಸ್ನಾನದ ನಮೂದುಗಳನ್ನೂ ತೆಗೆಯಿರಿ. ಪಾದ್ರಿ ಒಂದು ಮಗುವಿಗೆ ಕೇರಿಯ ಹೆಸರು, ಇನ್ನೊಂದಕ್ಕೆ ಟೌನ್‌ಲ್ಯಾಂಡಿನ ಹೆಸರು ಬರೆದಿರುವುದು ಸಾಮಾನ್ಯ. ಗ್ರಿಫಿತ್ ನಂತರದ ವ್ಯಾಲ್ಯುಯೇಷನ್ ತಿದ್ದುಪಡಿ ಪುಸ್ತಕಗಳಲ್ಲಿ ಒಕ್ಕಲು ಬದಲಾದಾಗ ಹಳೆ ಹೆಸರು ಹೊಡೆದು ಬೇರೆ ಬಣ್ಣದ ಶಾಯಿಯಲ್ಲಿ ಇಸವಿ ಹಾಕುತ್ತಿದ್ದರು. ಅಲ್ಲಿಂದ 1901ರ ಜನಗಣತಿಯ ಮನೆಯವರೆಗೆ ಒಂದೇ ಜಮೀನನ್ನು ಹಿಂಬಾಲಿಸಬಹುದು.

ದಾಖಲಿಸುವಾಗ ಕಾಗದದಲ್ಲಿದ್ದ ರೂಪವನ್ನು ಅಕ್ಷರವೂ ಬದಲಿಸದೆ ಮೊದಲು ಬರೆದು, ಪಕ್ಕದಲ್ಲಿ ಇಂದಿನ ಟೌನ್‌ಲ್ಯಾಂಡ್, ಸಿವಿಲ್ ಪ್ಯಾರಿಷ್, ಬ್ಯಾರನಿ, ಕೌಂಟಿ ಹಾಕುತ್ತೇನೆ. ಎಕರೆ ಮತ್ತು ಮನೆತನ ಎರಡೂ ಕೂಡಿಬರದಿದ್ದರೆ ಟೌನ್‌ಲ್ಯಾಂಡಿನ ಜಾಗ ಖಾಲಿ ಬಿಟ್ಟು ಪ್ಯಾರಿಷ್‌ಗೇ ನಿಲ್ಲಿಸುತ್ತೇನೆ.