ಪ್ರೊಜೆಕ್ಟರ್ ಬಂತಾ? ಒಂದೇ ಪಾಠದಿಂದ ಶುರು ಮಾಡಿ

ಶಿಕ್ಷಕ ಗೆಳೆಯರೇ, ಶಾಲೆಗೆ ಪ್ರೊಜೆಕ್ಟರ್ ಬಂದ ತಕ್ಷಣ ಎಲ್ಲ ಪಾಠವನ್ನೂ ಪರದೆಗೆ ಹಾಕಲು ಹೋಗಬೇಡಿ. ನಾನು ಹಾಗೆ ಮಾಡಿ ಒಂದೇ ತಿಂಗಳಲ್ಲಿ ಸುಸ್ತಾದೆ. ಮಕ್ಕಳು ಸುಮ್ನೆ ವಿಡಿಯೋ ನೋಡುತ್ತಿದ್ದರು, ನೋಟ್‌ಬುಕ್ ಮಾತ್ರ ಖಾಲಿ.

ಈಗ ತಿಂಗಳಿಗೆ ಒಂದೇ ಪಾಠ. ಬೋರ್ಡಿನಲ್ಲಿ ಎಷ್ಟು ಬರೆದರೂ ತಲೆಗೆ ಹತ್ತದಂಥದ್ದನ್ನು ಆರಿಸುತ್ತೇನೆ. ಹತ್ತನೇ ತರಗತಿಯ ವಿದ್ಯುತ್ ಪಾಠವನ್ನೇ ನೋಡಿ. ಕೊಲರಾಡೊ ವಿಶ್ವವಿದ್ಯಾಲಯದ ‘ಫೆಟ್’ (PhET) ಸಿಮ್ಯುಲೇಶನ್‌ಗಳು, ಅಂದರೆ ಕಂಪ್ಯೂಟರ್ ಪರದೆಯಲ್ಲೇ ಮಾಡಿ ನೋಡುವ ಪ್ರಯೋಗಗಳು, ಉಚಿತವಾಗಿ ಸಿಗುತ್ತವೆ, ಕನ್ನಡದಲ್ಲೂ ಇವೆ. ಹಿಂದಿನ ದಿನವೇ ಡೌನ್‌ಲೋಡ್ ಮಾಡಿಕೊಂಡರೆ ತರಗತಿಯಲ್ಲಿ ನೆಟ್ ಬೇಕಿಲ್ಲ. ಬ್ಯಾಟರಿ, ತಂತಿ, ಬಲ್ಬು ಎಳೆದು ಜೋಡಿಸಬಹುದು. ವೋಲ್ಟೇಜ್ ಏರಿಸಿದಂತೆ ಎಲೆಕ್ಟ್ರಾನ್‌ಗಳು ಜೋರಾಗಿ ಓಡುತ್ತವೆ, ಬೆಳಕು ಜಾಸ್ತಿಯಾಗುತ್ತದೆ. ಬ್ಯಾಟರಿಯ ಎರಡೂ ತುದಿಗೆ ನೇರ ತಂತಿ ಸೇರಿಸಿದರೆ ಪರದೆಯ ಮೇಲೆ ಬೆಂಕಿ ಹೊತ್ತಿಕೊಳ್ಳುತ್ತದೆ! ನಿಜವಾದ ಬ್ಯಾಟರಿಯಲ್ಲಿ ಇದನ್ನು ಮಾಡಿ ತೋರಿಸೋಕಾಗಲ್ಲ, ಅಲ್ವಾ?

ಆದರೆ ಮೊದಲೇ ತೋರಿಸಿಬಿಡಬೇಡಿ. ‘ವೋಲ್ಟೇಜ್ ಎರಡರಷ್ಟು ಮಾಡಿದರೆ ಕರೆಂಟ್ ಎಷ್ಟಾಗುತ್ತೆ?’ ಎಂದು ಕೇಳಿ, ಉತ್ತರ ಬರೆಸಿ. ಆಮೇಲೆ ಮೌಸ್ ಮಕ್ಕಳ ಕೈಗೇ ಕೊಡಿ. ನಮ್ಮಲ್ಲಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, ‘ಮೇಡಂ, ನಂದು ತಪ್ಪು, ಆದ್ರೆ ಯಾಕೆ ಅಂತ ಗೊತ್ತಾಯ್ತು’ ಎಂದಳು. ಅವತ್ತು ನನಗಾದ ಖುಷಿ ಹೇಳತೀರದು.

ಹತ್ತು ನಿಮಿಷ ಸಾಕು, ಉಳಿದದ್ದು ಬೋರ್ಡಿನಲ್ಲೇ. ಮುಂದಿನ ಹಂತಕ್ಕೆ ಪಠ್ಯಪುಸ್ತಕದ ಕ್ಯೂಆರ್ ಕೋಡ್ ಇದೆ, ಸರ್ಕಾರದ ಕಲಿಕಾ ಆ್ಯಪ್ ‘ದೀಕ್ಷಾ’ದಲ್ಲಿ ಅದನ್ನು ಸ್ಕ್ಯಾನ್ ಮಾಡಿದರೆ ಪಾಠದ ವಿಡಿಯೋ ಸಿಗುತ್ತದೆ. ವಿಡಿಯೋ ಮೊದಲು ನೀವು ಪೂರ್ತಿ ನೋಡಿ, ಬೇಕಾದ ಎರಡು ನಿಮಿಷವನ್ನಷ್ಟೇ ತೋರಿಸಿ. ಕರೆಂಟ್ ಹೋದರೆ ಇರಲಿ ಅಂತ ಒಂದು ಸೆಲ್, ಟಾರ್ಚ್ ಬಲ್ಬು ಬ್ಯಾಗಿನಲ್ಲಿಟ್ಟುಕೊಳ್ಳಿ.