ತುಪ್ಪವಿಲ್ಲದ ಖಾರ ಹುಗ್ಗಿ, ಜೊತೆಗೆ ಹುಣಸೆ ಗೊಜ್ಜು

ನಮ್ಮ ಚಿಕ್ಕವಳಿಗೆ ಹಾಲು ಆಗುವುದಿಲ್ಲ ಅಂತ ಡಾಕ್ಟರು ಹೇಳಿದ್ದು ಧನುರ್ಮಾಸದ ನಡುವೆ. ಮೊಸರನ್ನ ಬಿಡಿಸಬಹುದು, ಹುಗ್ಗಿ ಬಿಡಿಸುವುದು ಹೇಗೆ? "ತುಪ್ಪ ಹಾಕದ ಹುಗ್ಗೀನ ಯಾರು ತಿಂತಾರಮ್ಮ?" ಅಂದರು ನಮ್ಮತ್ತೆ. ಮೊದಲ ಸಲ ನಾನು ತುಪ್ಪದ ಅಳತೆಗೇ ಸೂರ್ಯಕಾಂತಿ ಎಣ್ಣೆ ಸುರಿದೆ. ತಟ್ಟೆಯ ಅಂಚಿನಲ್ಲಿ ಎಣ್ಣೆ ನಿಂತಿತು, ಹುಗ್ಗಿ ಪಾತ್ರೆಯಲ್ಲೇ ಉಳಿಯಿತು. ಈಗ ತುಪ್ಪದ ಕೆಲಸವನ್ನು ಒಣಕೊಬ್ಬರಿಗೆ ವಹಿಸಿದ್ದೇನೆ. ಮುಕ್ಕಾಲು ಗಂಟೆಯೊಳಗೆ ನಾಲ್ಕು ಜನರ ಊಟ ಆಗುತ್ತದೆ. ತರಕಾರಿಗೆ ಅಂತ ಅಂಗಡಿಗೆ ಓಡಬೇಕಾಗಿಲ್ಲ.

ಹುಗ್ಗಿಗೆ ಬೇಕಾದದ್ದು: ಅಕ್ಕಿ 1 ಲೋಟ, ಹೆಸರುಬೇಳೆ ಮುಕ್ಕಾಲು ಲೋಟ, ಕೊಬ್ಬರಿ ತುರಿ ಅರ್ಧ ಲೋಟ, ಕಾಳುಮೆಣಸು 1 ಚಮಚ, ಜೀರಿಗೆ ಒಂದೂವರೆ ಚಮಚ, ಕಡಲೆಕಾಯಿ ಎಣ್ಣೆ 2 ದೊಡ್ಡ ಚಮಚ, ಅರಿಶಿನ, ಇಂಗು, ಉಪ್ಪು. ಕರಿಬೇವು, ಗೋಡಂಬಿ ಇದ್ದರೆ ಹಾಕಿ, ಇಲ್ಲದಿದ್ದರೆ ಪರವಾಗಿಲ್ಲ.

ಮೊದಲು ಕೊಬ್ಬರಿ ತುರಿಗೆ ಮುಳುಗುವಷ್ಟು ಬಿಸಿನೀರು ಹಾಕಿ ಪಕ್ಕಕ್ಕಿಡಿ. ಒಂದು ಹುಣಸೆಹಣ್ಣಿನ ಉಂಡೆಯನ್ನೂ, ನಿಂಬೆ ಗಾತ್ರದ್ದು, ಇನ್ನೊಂದು ಬಟ್ಟಲಲ್ಲಿ ನೆನೆಹಾಕಿ.

ಈಗ ಬೇಳೆ ಹುರಿಯುವುದು. ಇಲ್ಲಿ ಅವಸರ ಬೇಡ. ಸಣ್ಣ ಉರಿಯಲ್ಲಿ, ಎಣ್ಣೆ ಹಾಕದೆ, ಕೈ ಬಿಡದೆ ಆಡಿಸುತ್ತಾ ಇರಿ. ಮೊದಲು ಹಸಿ ವಾಸನೆ ಬರುತ್ತದೆ, ಆಮೇಲೆ ಘಮ. ಅಲ್ಲೊಂದು ಇಲ್ಲೊಂದು ಬೇಳೆ ಕೆಂಪಗಾದ ತಕ್ಷಣ ಇಳಿಸಿ. ಎಲ್ಲವೂ ಕೆಂಪಾಗಲಿ ಅಂತ ಕಾದರೆ ಕಹಿಯಾಗುತ್ತದೆ. ತುಪ್ಪ ಇಲ್ಲದ ಹುಗ್ಗಿಗೆ ಅರ್ಧ ಪರಿಮಳ ಬರುವುದೇ ಇಲ್ಲಿಂದ.

ಅಕ್ಕಿ, ಬೇಳೆ ತೊಳೆದು, ಆರೂವರೆ ಲೋಟ ನೀರು, ಚಿಟಿಕೆ ಅರಿಶಿನ ಹಾಕಿ ಕುಕ್ಕರಿನಲ್ಲಿ 5 ವಿಷಲ್ ಕೂಗಿಸಿ. ನೀರು ಜಾಸ್ತಿ ಆಯ್ತೇನೋ ಅನ್ನಿಸುತ್ತದೆ. ಹುಗ್ಗಿ ಆರುತ್ತಾ ಗಟ್ಟಿಯಾಗುವುದರಿಂದ ಅಷ್ಟು ಬೇಕೇ ಬೇಕು.

ಕುಕ್ಕರ್ ಕೂಗುವ ಹೊತ್ತಿಗೆ ಗೊಜ್ಜು ಮುಗಿಸಿ. ಎಣ್ಣೆಯಲ್ಲಿ ಸಾಸಿವೆ, ಇಂಗು, ಒಂದು ಒಣಮೆಣಸಿನಕಾಯಿ ಸಿಡಿಸಿ, ಹುಣಸೆರಸ ಹುಯ್ಯಿರಿ. ಒಂದೂವರೆ ಚಮಚ ಸಾರಿನ ಪುಡಿ, ಉಪ್ಪು, ಹುಣಸೆಯಷ್ಟೇ ಬೆಲ್ಲ ಹಾಕಿ ಚೆನ್ನಾಗಿ ಕುದಿಸಿ. ಕೊನೆಗೆ 2 ಚಮಚ ಹುರಿದ ಎಳ್ಳಿನ ಪುಡಿ ಹಾಕಿದರೆ ತಾನಾಗಿ ಮಂದವಾಗುತ್ತದೆ.

ನೆನೆದ ಕೊಬ್ಬರಿಯನ್ನು ಅದೇ ನೀರಿನ ಜೊತೆ ನುಣ್ಣಗೆ ರುಬ್ಬಿ. ತರಿತರಿ ಇದ್ದರೆ ಬಾಯಿಗೆ ಸಿಪ್ಪೆ ಸಿಕ್ಕ ಹಾಗಾಗುತ್ತದೆ, ಇನ್ನೊಂದು ಸುತ್ತು ತಿರುಗಿಸಿ. ಕುಕ್ಕರ್ ಇಳಿದ ಮೇಲೆ ಇದನ್ನು ಉಪ್ಪಿನ ಜೊತೆ ಬೆರೆಸಿ ಎರಡು ಮೂರು ನಿಮಿಷ ಕುದಿಸಿ. ಸೌಟಿನಿಂದ ಎತ್ತಿ ಬಿಟ್ಟರೆ ಹುಗ್ಗಿ ದಪ್ಪಗೆ, ನುಣ್ಣಗೆ ಜಾರಬೇಕು. ಆಮೇಲೆ ಕಡಲೆಕಾಯಿ ಎಣ್ಣೆಯಲ್ಲಿ ಜೀರಿಗೆ, ಜಜ್ಜಿದ ಮೆಣಸು, ಗೋಡಂಬಿ, ಇಂಗು, ಕರಿಬೇವಿನ ಒಗ್ಗರಣೆ. ಮೆಣಸನ್ನು ಇಡಿಯಾಗಿ ಹಾಕಿದರೆ ಮಕ್ಕಳು ಒಂದೊಂದೇ ಆರಿಸಿ ತಟ್ಟೆಯಂಚಿಗೆ ಇಡುತ್ತಾರೆ, ಅಲ್ವಾ?

ಹಾಲಿನ ಸಕ್ಕರೆ, ಅಂದರೆ ಲ್ಯಾಕ್ಟೋಸ್ ಮಾತ್ರ ಆಗದವರಿಗೆ ತುಪ್ಪ ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ, ಅದರಲ್ಲಿ ಲ್ಯಾಕ್ಟೋಸ್ ಇರುವುದು ಬಹಳ ಕಡಿಮೆ. ಹಾಲಿನ ಅಲರ್ಜಿ ಇರುವವರ ವಿಷಯ ಬೇರೆ. ತುಪ್ಪದಲ್ಲಿ ಹಾಲಿನ ಪ್ರೋಟೀನಿನ ಅಂಶ ಉಳಿದಿರಬಹುದು, ಅವರ ತಟ್ಟೆಗೆ ಒಂದು ಹನಿಯೂ ಬೇಡ.

ನಂಚಿಕೊಳ್ಳಲು ಉದ್ದಿನ ಹಪ್ಪಳ ಸುಡಿ. ಪಕ್ಕದಲ್ಲೇ ಇರುವ ಬಾಳಕದ ಡಬ್ಬಿಗೆ ಕೈ ಹಾಕಬೇಡಿ, ಅದು ಮಜ್ಜಿಗೆಯಲ್ಲಿ ನೆನೆದು ಒಣಗಿದ ಮೆಣಸಿನಕಾಯಿ. ಇಷ್ಟೆಲ್ಲ ಎಚ್ಚರದಿಂದ ಅಡುಗೆ ಮಾಡಿ, ನಾನೇ ಒಂದು ದಿನ ಅದನ್ನು ಕರಿದು ಚಿಕ್ಕವಳ ತಟ್ಟೆಯ ಹತ್ತಿರ ತಂದಿಟ್ಟಿದ್ದೆ. ನೋಡಿ ಎತ್ತಿದ್ದು ನಮ್ಮತ್ತೆ.